ಚಿಕ್ಕ ಪಟದಲ್ಲಿ ಅಕ್ಕನ ಹಸು, ತೆರೆದರೆ ಊಟದ ಪಂಕ್ತಿ

ನಿಮ್ಮ ಮನೆ ಕಂಪ್ಯೂಟರಿನಲ್ಲಿ ಯಾವತ್ತಾದರೂ ಹೀಗಾಗಿದೆಯಾ? ಫೋಟೊ ಇಟ್ಟ ಫೋಲ್ಡರ್ ತೆರೆಯುತ್ತೀರಿ. ಸಾಲಾಗಿ ಚಿಕ್ಕ ಚಿಕ್ಕ ಪಟಗಳು ಕಾಣುತ್ತವೆ. ಒಂದರಲ್ಲಿ ಮಗಳ ಮುಖ ಇದೆ ಅಂತ ಅದನ್ನು ಒತ್ತಿದರೆ ತೆರೆದುಕೊಳ್ಳುವುದು ಯಾರದೋ ಸ್ಕೂಟರು. ಮೇಲೊಂದು, ಒಳಗೊಂದು. ಆಗಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆತುರಪಟ್ಟು ಏನನ್ನೂ ಅಳಿಸಬೇಡಿ. ನಾನು ಅಳಿಸುವುದರಲ್ಲಿದ್ದೆ. ಅಳಿಸಿದ್ದರೆ ನಮ್ಮಕ್ಕನ ಹಸು ಇವತ್ತು ಯಾರ ಕೊಟ್ಟಿಗೆಯಲ್ಲಿ ಇರುತ್ತಿತ್ತೋ.

ನಾನಿರುವುದು ಕೊಳ್ಳೇಗಾಲದಲ್ಲಿ, ಅಕ್ಕ ಇರುವುದು ಶಾಗ್ಯದಲ್ಲಿ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಈ ಹಸು ಹುಟ್ಟಿದ ಎಂಟನೇ ದಿನಕ್ಕೆ ಅದರ ತಾಯಿ ಸತ್ತಿತು. ಅಕ್ಕ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ಗೋಣಿಚೀಲ ಹೊದಿಸಿ ಸಾಕಿದಳು. ಅವಳ ಮಕ್ಕಳಿಗೂ ಅಷ್ಟು ಮಾಡಿದ್ದಳೋ ಇಲ್ಲವೋ, ನನಗೆ ಅನುಮಾನ. ಅದು ಮೊದಲನೇ ಸಲ ಗಬ್ಬವಾಗಿ ಏಳು ತಿಂಗಳಾಗಿತ್ತು. ಆಗ ಒಂದು ದಿನ ಊರ ಪಕ್ಕದ ದಾರಿಯಲ್ಲಿ ಯಾರೋ ದೊಡ್ಡ ದನದ ಹಿಂಡು ಹೊಡೆದುಕೊಂಡು ಹೋದರು. ಇದು ಹಗ್ಗ ಬಿಚ್ಚಿಕೊಂಡು ಅದರ ಹಿಂದೆಯೇ ಹೊರಟುಬಿಟ್ಟಿತು.

ಅಕ್ಕ ಹುಡುಕಿಕೊಂಡು ಹೊಲ, ಹಳ್ಳ, ಕಾಡಂಚು ಎಲ್ಲ ಸುತ್ತಿದಳು. ಮೂರನೇ ದಿನ ಬದುವಿನಿಂದ ಜಾರಿ ಬಿದ್ದು ಪಾದದ ಕೀಲು ಮುರಿದುಕೊಂಡಳು. ಕಾಮಗೆರೆ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿ ಕಳಿಸಿದರು. ನಾನು ನೋಡಲು ಹೋದರೆ ಕಾಲಿನ ಮಾತೇ ಇಲ್ಲ.

"ಗಬ್ಬದ ಅಸ ಕಣ್ಲಾ," ಅಂದಳು. "ಅದ್ಕೆ ನೀರಿಟ್ಟವ್ರೋ ಇಲ್ವೋ."

ಹನ್ನೊಂದನೇ ದಿನ ಹನೂರಿನ ಟೀ ಅಂಗಡಿಯಲ್ಲಿ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಸುದ್ದಿ ಸಿಕ್ಕಿತು. ಪಾಲಾರ್ ಕಡೆಯ ದನಗಾಹಿಯೊಬ್ಬ ತನ್ನ ಹಿಂಡಿನಲ್ಲಿ ಒಂದು ಹಸು ಹೆಚ್ಚಾಗಿದೆ ಅಂತ ದಾರಿಯುದ್ದದ ಅಂಗಡಿಗಳಿಗೆಲ್ಲ ಹೇಳಿ, ಫೋನ್ ನಂಬರ್ ಬರೆದುಕೊಟ್ಟು ಹೋಗಿದ್ದ. ಭಾವ ಅಲ್ಲಿಂದಲೇ ಅವನಿಗೆ ಫೋನ್ ಮಾಡಿದ. ಆಮೇಲೆ ನಾನೂ ಮಾಡಿದೆ. ಅವನದು ಅರ್ಧ ತಮಿಳು, ಅರ್ಧ ಕನ್ನಡ.

"ನೋಡಣ್ಣಾ, ಮಾಡು ನಂದಲ್ಲ, ಅದು ನಿಜ. ನಿಮ್ದು ಅನ್ನೋಕೆ ಏನಿದೆ? ಮೂರು ಪೇರು ಬಂದ್ರು. ನೋಡಿಬಿಟ್ಟು ಕೊಂಬು ಹೀಗೆ, ಕಾಲು ಹಾಗೆ ಅಂತಾರೆ. ನೋಡಿದ್ಮೇಲೆ ಯಾರು ಬೇಕಾದ್ರೂ ಸೊಲ್ತಾರೆ. ಕಳಿಯೋಕೆ ಮುಂಚೆ ತೆಗೆದ ಪಡಂ ಇದ್ರೆ ಕಳಿಸು. ಪಡಂ ಯಾರು ತೋರಿಸ್ತಾರೋ ಅವ್ರದು ಮಾಡು."

ಮಾಡು ಅಂದರೆ ಹಸು, ಪೇರು ಅಂದರೆ ಜನ, ಪಡಂ ಅಂದರೆ ಫೋಟೊ. ಅವನು ಮಾರನೇ ದಿನ ಮಧ್ಯಾಹ್ನ ಹಿಂಡು ಹೊಡೆದುಕೊಂಡು ಬೇರೆ ಕಡೆ ಹೊರಡುವವನಿದ್ದ. ಅಷ್ಟರಲ್ಲಿ ಫೋಟೊ ಬರದಿದ್ದರೆ, ಆ ಮೂವರಲ್ಲಿ ಸಾಕ್ಷಿಗೆ ಊರಿನ ನಾಲ್ಕು ಜನ ಯಜಮಾನರನ್ನು ಕರೆತರುತ್ತೇನೆ ಅಂದಿದ್ದವನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಅವನದೂ ತಪ್ಪಲ್ಲ. ಹಸುವಿನ ಕಿವಿಗೆ ಹಾಕಿದ್ದ ಹಳದಿ ಬಿಲ್ಲೆಯಾದರೂ ಇದ್ದಿದ್ದರೆ ನಂಬರ್ ಹೇಳಬಹುದಿತ್ತು. ಅದು ಹಿಂದೆಯೇ ಬೇಲಿ ಮುಳ್ಳಿಗೆ ಸಿಕ್ಕಿ, ಕಿವಿ ಸೀಳಿಕೊಂಡು ಕಿತ್ತುಹೋಗಿತ್ತು. ಹೊಸದು ಹಾಕಿಸೋಣ, ನಾಳೆ ಹಾಕಿಸೋಣ ಅಂತ ಭಾವ ಮುಂದೂಡಿದ್ದ.

ನಾನು ಮಾತ್ರ ಎದೆ ತಟ್ಟಿಕೊಂಡು ಹೇಳಿದೆ, ಫೋಟೊ ಇದೆ ಅಂತ. ಸಂಕ್ರಾಂತಿಗೆ ಶಾಗ್ಯಕ್ಕೆ ಹೋದಾಗ ಕೊಂಬಿಗೆ ಬಣ್ಣ ಬಳಿಯುವ ಮೊದಲು ಅದರ ಪಟ ತೆಗೆದಿದ್ದೆ. ಫೋನ್ ತುಂಬಿತು ಅಂತ ಎಲ್ಲವನ್ನೂ ಮನೆ ಕಂಪ್ಯೂಟರಿಗೆ ಹಾಕಿ, ಫೋನಿನಲ್ಲಿದ್ದದ್ದನ್ನು ಅಳಿಸಿದ್ದೆ.

ಅವತ್ತು ಭಾನುವಾರ. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಭಾವ ಹನೂರಿನಿಂದಲೇ ಬಸ್ಸಿನಲ್ಲಿ ಬಂದು ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತ. 'ಊರಿನ ಫೋಟೊ' ಅನ್ನುವ ಫೋಲ್ಡರ್ ತೆರೆದೆ. ಹಸು ಕಂಡಿತು. ಒಂದು ಕೊಂಬು ಮುಂದಕ್ಕೆ, ಒಂದು ಕೆಳಕ್ಕೆ. ಸಂದೇಹವೇ ಇಲ್ಲ.

"ಅದೇ ಕಣಾ," ಅಂದ ಭಾವ. "ದೊಡ್ಡದು ಮಾಡು."

ಒತ್ತಿದೆ. ತೆರೆದುಕೊಂಡದ್ದು ಬಾಳೆಲೆ ಸಾಲು. ಯಳಂದೂರಿನಲ್ಲಿ ನನ್ನ ಹೆಂಡತಿಯ ಅಣ್ಣನ ಮನೆ ಗೃಹಪ್ರವೇಶದ ಊಟ. ನಡುವೆ ಒಬ್ಬರು ಲಾಡು ಬಾಯಿಗಿಟ್ಟುಕೊಂಡು ಕ್ಯಾಮೆರಾ ನೋಡುತ್ತಿದ್ದಾರೆ.

ಮುಚ್ಚಿ ಮತ್ತೆ ಒತ್ತಿದೆ. ಮತ್ತೆ ಲಾಡು. ಪಕ್ಕದ ಪಟ ಒತ್ತಿದೆ. ಮೇಲೆ ಅಕ್ಕನ ಮನೆ ಜಗುಲಿ, ಒಳಗೆ ಪಾಯಸದ ಬಕೆಟ್ಟು. ಇಪ್ಪತ್ತರ ಹತ್ತಿರ ಫೋಟೊ ಹೀಗೇ ಆಗಿದ್ದವು.

"ಏನ್ಲಾ ಬಾಮೈದ," ಅಂದ ಭಾವ, "ಅಸ ತೋರ್ಸು ಅಂದ್ರೆ ಲಾಡು ತೋರ್ಸ್ತಾ ಕುಂತಿದ್ದೀಯಲ್ಲ. ಆ ಪಾಲಾರಿನವ್ನಿಗೆ ಲಾಡು ಕಳಿಸ್ಲಾ?"

ಕಂಪ್ಯೂಟರ್ ಎಲ್ಲ ಕಡೆ ಹುಡುಕಿದೆ. ಅಳಿಸಿದ ಕಡತಗಳು ಬೀಳುವ ಬುಟ್ಟಿ ನೋಡಿದೆ, ಖಾಲಿ. ಆಫ್ ಮಾಡಿ ಆನ್ ಮಾಡಿದೆ. ಹಸು ಮೇಲೆ ನಿಂತೇ ಇದೆ, ಒತ್ತಿದರೆ ಪಂಕ್ತಿ. ಕೊನೆಗೆ ನಮ್ಮ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಫೋನ್ ಮಾಡಿದೆ. ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿರುವ, ನನ್ನ ವಯಸ್ಸಿನ ಮನುಷ್ಯ. ಭಾನುವಾರ ಆದರೂ ಎತ್ತಿದರು. ಫೋಟೊ ಮೇಲೊಂದು ಒಳಗೊಂದು ತೋರಿಸುತ್ತಿದೆ ಅಂತ ಮಾತ್ರ ಹೇಳಿದೆ. ಹಸು ವಿಷಯ ಹೇಳಲಿಲ್ಲ. ಹಸು ಕಳೆದದ್ದಕ್ಕೆ ಕಂಪ್ಯೂಟರ್ ರಿಪೇರಿಯವರನ್ನು ಕೇಳಿದರೆ ನಗುತ್ತಾರೆ ಅಂತ ನಾಚಿಕೆ.

"ಅಯ್ಯೋ, ಅದೇನು ದೊಡ್ದಲ್ಲ ಸಾ. ಆ ಚಿಕ್ಕ ಪಟಕ್ಕೆ ಥಂಬ್‌ನೇಲ್ ಅಂತಾರೆ. ಕಂಪ್ಯೂಟ್ರು ಒಂದ್ಸಲ ಮಾಡಿ ಮಡಿಕಂಡಿರ್ತದೆ, ಹಳೇದನ್ನೇ ತೋರ್ಸ್ತಾ ಅದೆ. ಡಿಸ್ಕ್ ಕ್ಲೀನಪ್‌ಗೆ ಓಗಿ, ಥಂಬ್‌ನೇಲ್ಸ್ ಅನ್ನೋದಕ್ಕೆ ಟಿಕ್ ಆಕಿ, ಅಳಿಸ್ಬುಡಿ. ಎರಡೂ ಸರಿ ಓಯ್ತವೆ."

ಸರಿಹೋಗುತ್ತದೆ ಅಂದ ಮೇಲೆ ಇನ್ನೇನು. ಅವರು ಹೇಳಿದ ಹಾಗೇ ಹೋದೆ. ಟಿಕ್ ಹಾಕಿದೆ. ನಿಜವಾಗಿಯೂ ಅಳಿಸಲಾ ಅಂತ ಕೇಳಿತು. ಈ ಪ್ರಶ್ನೆಗೆ ನಾನು ಯಾವತ್ತೂ ಓದಿ ಉತ್ತರ ಕೊಟ್ಟವನಲ್ಲ. ಮೌಸು ಅದರ ಮೇಲಿತ್ತು. ಅಷ್ಟರಲ್ಲಿ ಹೆಂಡತಿ ಕಾಫಿ ತಂದು ಮೇಜಿನ ಮೇಲಿಟ್ಟು, ಬಗ್ಗಿ ನೋಡಿದಳು.

"ವಸಿ ತಡೀರಿ. ಏನ ಅಳಿಸ್ತಾ ಇದ್ದೀರಿ?"

"ಚಿಕ್ಕ ಪಟ ಸುಳ್ಳು ತೋರ್ಸ್ತಾ ಅದೆ. ಅದ್ನ ಅಳಿಸುದ್ರೆ ಸರಿ ಓಯ್ತದಂತೆ."

"ಸುಳ್ಳೋ ನಿಜವೋ, ಅಸ ಕಾಣ್ತಿರೋದು ಅಲ್ಲೊಂದ್ರಲ್ಲೇ ಅಲ್ವಾ? ಅದೂ ಅಳಿಸೋದ್ರೆ ಏನ ತೋರ್ಸೀರಿ?"

ಬೇಡ ಅಂತ ಒತ್ತಿ ಮೌಸಿನಿಂದ ಕೈ ತೆಗೆದೆ. ಅಂಗಡಿಯವರಿಗೆ ಮತ್ತೆ ಫೋನ್ ಮಾಡಿ ಈ ಸಲ ಪೂರ್ತಿ ಕಥೆ ಹೇಳಿದೆ.

"ಮುಟ್ಬ್ಯಾಡಿ ಸಾ. ಏನೂ ಮುಟ್ಬ್ಯಾಡಿ," ಅಂದರು. "ನಾನು ಯೇಳಿದ್ದು ಕಂಪ್ಯೂಟ್ರಿಗೆ ಮದ್ದು, ಅಸಕ್ಕಲ್ಲ. ಎರಡು ಫೋನಿಂದು ಒಂದೇ ಫೋಲ್ಡ್ರಿಗೆ ಆಕಿದ್ರಾ?"

ಹಾಕಿದ್ದೆ. ನನ್ನದೂ ಹೆಂಡತಿಯದೂ ಒಂದೇ ಥರದ ಫೋನು. ಎರಡೂ ಫೋಟೊಗಳಿಗೆ ಒಂದೇ ಸಾಲಿನ ನಂಬರನ್ನೇ ಹೆಸರಾಗಿ ಇಡುತ್ತವೆ. ಸಂಕ್ರಾಂತಿಯ ಫೋಟೊ ಹಾಕಿದ ಎಷ್ಟೋ ದಿನದ ಮೇಲೆ ಅವಳ ಫೋನಿನ ಗೃಹಪ್ರವೇಶವನ್ನೂ ಅದೇ ಫೋಲ್ಡರಿಗೆ ಸುರಿದಿದ್ದೆ. ಈ ಹೆಸರಿನದು ಆಗಲೇ ಇದೆ, ಹಳೆಯದನ್ನು ತೆಗೆದು ಹೊಸದನ್ನು ಇಡಲಾ ಅಂತ ಕಂಪ್ಯೂಟರ್ ಮರ್ಯಾದೆಯಾಗಿಯೇ ಕೇಳಿತ್ತು. ಹೂಂ ಅಂದಿದ್ದೆ. ಹಸುವಿನ ಜಾಗದಲ್ಲಿ ಲಾಡು ಬಂದು ಕೂತಿತ್ತು. ಮೇಲಿನ ಚಿಕ್ಕ ಪಟ ಮಾತ್ರ ಹೇಗೋ ಬದಲಾಗದೆ ಉಳಿದಿತ್ತು. ಅಂದರೆ ನಾನು ಸುಳ್ಳು ಅಂತ ಬೈಯುತ್ತಿದ್ದ ಅದೊಂದೇ ನಿಜ. ಮಿಕ್ಕಿದ್ದನ್ನು ಕೆಡಿಸಿದವನು ನಾನೇ.

"ನನ್ ತವರವ್ರು ಉಂಡೆದ್ದೋಗಿ ಎಷ್ಟು ದಿನ ಆಯ್ತು," ಅಂದಳು ಹೆಂಡತಿ. "ಇನ್ನೂ ನಿಮ್ಮಕ್ಕನ ಅಸಕ್ಕೆ ನಿಲ್ಲಕೆ ಜಾಗ ಬುಟ್ಟಿಲ್ಲ ನೋಡಿ."

ಅಂಗಡಿಯವರು ಫೋನಿನಲ್ಲೇ ಹೇಳಿಕೊಟ್ಟರು. ಚಿಕ್ಕ ಪಟಗಳನ್ನು ಆದಷ್ಟು ದೊಡ್ಡದಾಗಿ ತೋರಿಸುವ ಒಂದು ಆಯ್ಕೆ ಇದೆ, ಅದನ್ನು ಒತ್ತಿದೆ. ಹಸು ಅಂಗೈಯಷ್ಟಾಯಿತು. ಅದಕ್ಕಿಂತ ದೊಡ್ಡದಾಗಲಿಲ್ಲ. ಪರದೆ ಮೇಲೆ ಬೆಳಕು ಬೀಳದ ಹಾಗೆ ಕೋಣೆಯ ಕಿಟಕಿ ಮುಚ್ಚಿ, ಹೆಂಡತಿಯ ಫೋನಿನಿಂದ ಪರದೆಯ ಫೋಟೊ ತೆಗೆದೆವು. ಕೊಂಬು ಚೆನ್ನಾಗಿ ಕಂಡಿತು. ಮುಂಗಾಲಿನ ಬಿಳಿ ಕಂಡಿತು. ಮೂಲೆಯಲ್ಲಿ ಕೊರಳ ಹಗ್ಗ ಹಿಡಿದ ಅಕ್ಕನ ಕೈ, ಹಸಿರು ಬಳೆ. ಪರದೆಯ ಗೀರು ಗೀರು ಅಡ್ಡಕ್ಕೆ ಬಂದಿತ್ತು, ಬರಲಿ ಅಂತ ಪಾಲಾರಿಗೆ ಕಳಿಸಿದೆ.

ಹೋಗಿ ಮುಟ್ಟಲಿಲ್ಲ. ಆ ಕಡೆ ಸಿಗ್ನಲ್ ಇಲ್ಲ. ಊಟ ಮಾಡಿದೆವು, ಭಾವ ಅನ್ನ ಕಲಸಿಕೊಂಡು ಹಾಗೇ ಕೂತಿದ್ದ. ನಡುವೆ ಅಕ್ಕ ಎರಡು ಸಲ ಫೋನ್ ಮಾಡಿ, "ಏನಂದನ್ಲಾ?" ಅಂದಳು. ಫೋಟೊ ಕೆಡಿಸಿದ್ದೇನೆ ಅಂತ ಹೇಳುವ ಧೈರ್ಯ ಬರಲಿಲ್ಲ. ನಾಲ್ಕು ಗಂಟೆಗೆ ಅವನೇ ಫೋನ್ ಮಾಡಿದ.

"ಅಣ್ಣಾ, ಪಡಂ ಬಂತು. ಏನಿದು, ಟಿವಿ ಒಳಗೆ ಮಾಡು ಇದೆ. ಗೀಟು ಗೀಟು. ಈಗ ಕಂಪ್ಯೂಟರ್‌ನಲ್ಲಿ ನನ್ನನ್ನೇ ಆನೆ ಮೇಲೆ ಕೂರಿಸಿ ಪಡಂ ಮಾಡ್ತಾರೆ. ಇದು ನೀವೇ ಮಾಡಿದ್ದಲ್ಲ ಅಂತ ಹೇಗೆ ನಂಬ್ಲಿ? ದೊಡ್ಡ ಪಡಂ ಕಳಿಸು."

ಇದೆ, ಆಮೇಲೆ ಕಳಿಸುತ್ತೇನೆ ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ದೊಡ್ಡದು ಇಲ್ಲಪ್ಪ. ನಾನೇ ಕೆಡಿಸ್ಬುಟ್ಟೆ. ಅದ್ರ ಮೇಲೆ ಊಟದ ಫೋಟೊ ಆಕ್ಬುಟ್ಟಿದ್ದೀನಿ. ಉಳ್ದಿರೋದು ಇಷ್ಟೇಯ. ಬೇಕಾದ್ರೆ ಆ ಊಟದ್ದೂ ಕಳಿಸ್ತೀನಿ."

ಅವನು ನಗಲು ಶುರುಮಾಡಿದ. ನಕ್ಕು ಮುಗಿಸಿ ಹೇಳಿದ, "ಕಳ್ಳ ಪಡಂ ಮಾಡೋನು ದೊಡ್ಡದಾ, ಚೆಂದಾ ಮಾಡಿ ಕಳಿಸ್ತಾನಣ್ಣಾ. ಇಷ್ಟು ಕೆಟ್ಟದ್ದು ಯಾರು ಮಾಡ್ತಾರೆ? ಸೀಳಿದ ಕಿವಿನೂ ಕಾಣ್ತಿದೆ. ಆ ಮೂರು ಪೇರ್‌ನಲ್ಲಿ ಒಬ್ಬನೂ ಕಿವಿ ವಿಷಯ ಎತ್ತಲಿಲ್ಲ. ನಾಳೆ ಬೇಗ ಬನ್ನಿ, ಮಾಡು ಹಿಡ್ಕೊಂಡು ಹೋಗಿ."

ಫೋಟೊದಲ್ಲಿ ಸೀಳಿದ ಕಿವಿಯನ್ನು ನಾನು ನೋಡಿರಲೇ ಇಲ್ಲ.

ಬೆಳಿಗ್ಗೆ ಹನೂರಿನಲ್ಲಿ ಒಂದು ಸಣ್ಣ ಗೂಡ್ಸ್ ಗಾಡಿ ಗೊತ್ತು ಮಾಡಿ, ಹುಲ್ಲು ಹಾಸಿಕೊಂಡು ಹೋದೆವು. ಹಸು ಬೇಲಿ ಪಕ್ಕ ಕಟ್ಟಿತ್ತು. ಮುಂದೆ ಹಸಿ ಮೇವು, ಒಂದು ತೊಟ್ಟಿ ನೀರು. ಮೈ ತೊಳೆದಿದ್ದ ಪುಣ್ಯಾತ್ಮ. ಭಾವ ಫೋನಿನ ಸ್ಪೀಕರ್ ಹಾಕಿ ಹಸುವಿನ ಕಿವಿಗೆ ಹಿಡಿದ. ಅಕ್ಕ ಮಂಚದಿಂದಲೇ "ಬಾ, ಬಾ ತಾಯಿ" ಅಂತ ಕೂಗಿದಳು. ಅದು ಕತ್ತು ಕೂಡ ಎತ್ತದೆ ಮೇಯುತ್ತಲೇ ಇತ್ತು.

"ಗುರ್ತಿಲ್ವಂತೆ ಕಣಮ್ಮೀ ನಿನ್ನ," ಅಂದ ಭಾವ.

"ಗುರ್ತದೆ. ಒಟ್ಟೆ ಅಸ್ದದೆ ಅದ್ಕೆ. ಸುಮ್ಕೆ ಕರ್ಕಬಾ," ಅಂದಳು ಅಕ್ಕ. ದನಗಾಹಿ ಬಿದ್ದು ಬಿದ್ದು ನಕ್ಕ.

ಇಷ್ಟು ದಿನ ಮೇವು ಹಾಕಿದ್ದಕ್ಕೆ ಏನಾದರೂ ತೆಗೆದುಕೋ ಅಂದರೆ ಕೈ ಮುಟ್ಟಲಿಲ್ಲ. ಅಕ್ಕ ಕಳಿಸಿದ್ದ ಅವರೆಕಾಯಿ ಚೀಲ ಮಾತ್ರ ಇಳಿಸಿಕೊಂಡ. ಬೆಟ್ಟದ ತಿರುವುಗಳಲ್ಲಿ ಗಾಡಿಯವನು ಎಷ್ಟು ನಿಧಾನ ಓಡಿಸಿದ ಅಂದರೆ ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದರು. ಅವನಿಗೂ ನಾನು ಋಣಿ. ಶಾಗ್ಯ ಮುಟ್ಟಿದಾಗ ಅಕ್ಕ ಕಟ್ಟು ಹಾಕಿದ ಕಾಲು ಎಳೆದುಕೊಂಡು ಜಗುಲಿಗೆ ಬಂದು ಕೂತಿದ್ದಳು. ಹಸುವಿನ ಹೊಟ್ಟೆಯ ಮೇಲೆ ಕೈಯಿಟ್ಟು ಸವರಿದಳು. ಆಮೇಲೆ "ಕರ ಒದೀತಾ ಅದೆ" ಅಂದಳು. ಎರಡು ತಿಂಗಳಿಗೆ ಹೆಣ್ಣುಕರು ಹಾಕಿತು. ಹೊಸ ಬಿಲ್ಲೆಯನ್ನೂ ಭಾವ ಹಾಕಿಸಿದ, ಅಕ್ಕ ಬೈದು ಹಾಕಿಸಿದ್ದು.

ನಾನು ಇದರಲ್ಲಿ ಮಾಡಿದ್ದು ಏನು ಅಂತ ನೋಡಿದರೆ, ಫೋಟೊ ಕೆಡಿಸಿದ್ದು ಒಂದೇ. ಮಿಕ್ಕಿದ್ದೆಲ್ಲ ಬೇರೆಯವರದು. ಕಾಫಿ ಇಟ್ಟು ಹಾಗೇ ಹೋಗದ ಹೆಂಡತಿ, ಭಾನುವಾರವೂ ಫೋನ್ ಎತ್ತಿದ ಅಂಗಡಿಯವರು, ಇನ್ನೊಬ್ಬರ ಹಸುವಿಗೆ ನೀರಿಟ್ಟು ಯಾರದು ಅಂತ ಊರೂರಿಗೆ ಹೇಳಿಕಳಿಸಿದ ಆ ಮನುಷ್ಯ. ಇವರಲ್ಲಿ ಒಬ್ಬರು ತಪ್ಪಿದ್ದರೂ ಹಸು ಬರುತ್ತಿರಲಿಲ್ಲ. ಈಗ ನನ್ನ ಫೋನಿಗೊಂದು, ಅವಳ ಫೋನಿಗೊಂದು ಫೋಲ್ಡರ್ ಮಾಡಿದ್ದೇನೆ. ತೆಗೆದು ಹೊಸದು ಇಡಲಾ ಅಂತ ಕೇಳಿದರೆ ಎರಡೂ ಇರಲಿ ಅನ್ನುತ್ತೇನೆ. ಕನ್ನಡಕ ಹಾಕಿಕೊಂಡು ಓದಿಯೇ ಒತ್ತುತ್ತೇನೆ.

ನಿಮ್ಮಲ್ಲೂ ಯಾರಾದರೂ ಹೀಗೆ ಒಂದರ ಮೇಲೊಂದು ಹಾಕಿ ಫೋಟೊ ಕಳೆದುಕೊಂಡಿದ್ದೀರಾ? ಅದರಲ್ಲಿ ಏನಿತ್ತು, ಮತ್ತೆ ಸಿಕ್ಕಿತಾ, ಸಿಕ್ಕಿದ್ದರೆ ಯಾರ ದಯೆಯಿಂದ? ಸಿಗದಿದ್ದರೂ ಪರವಾಗಿಲ್ಲ, ಕೆಳಗೆ ಬರೆಯಿರಿ. ಒಂದೊಂದನ್ನೂ ಓದುತ್ತೇನೆ, ಅಕ್ಕನಿಗೂ ಓದಿ ಹೇಳುತ್ತೇನೆ.