ಬಣವೆಯ ಸುತ್ತ ಗುಡಿಸಿದ ನೆಲ

ದೆವ್ವ, ಮಾಟ, ಶಕುನ ಎನ್ನುವವರನ್ನು ಎದುರಿಗೇ ಗೇಲಿ ಮಾಡುತ್ತಿದ್ದವನು ನಾನು. ಈಗ ಬಿಟ್ಟಿದ್ದೇನೆ. ನಂಬಿಕೆ ಬಂದಿದೆ ಎಂದಲ್ಲ, ನಗಲು ಬಾಯಿ ಬರುವುದಿಲ್ಲ ಅಷ್ಟೆ.

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಗುಡ್ಡದ ಬುಡಕ್ಕೆ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗೆಲ್ಲ ಬೀಡಿ ಸೇದಿ ಎಸೆದವರನ್ನು, ಪ್ರವಾಸಿಗರನ್ನು ಬೈಯುವುದು ಊರಿನ ರೂಢಿ. ನಾನೂ ಬೈಯುತ್ತಿದ್ದೆ, ಎಲ್ಲರಿಗಿಂತ ಜೋರಾಗಿ. ಹಚ್ಚುತ್ತಿದ್ದವನು ನಾನೇ. ಒಣಹುಲ್ಲು ಸುಟ್ಟರೆ ಮೊದಲ ಮಳೆಗೆ ದನಗಳಿಗೆ ಎಳೆಹುಲ್ಲು ಚಿಗುರುತ್ತದೆ. ಒಣಗಿದ ಸಗಣಿಗೆ ಕೆಂಡ ತಾಗಿಸಿ ಹುಲ್ಲಿನೊಳಗಿಟ್ಟು ಬಂದರೆ ಅದು ಒಳಗೊಳಗೇ ಹೊಗೆಯಾಡಿ, ಒಂದೆರಡು ಗಂಟೆ ಕಳೆದ ಮೇಲೆ ಹೊತ್ತಿಕೊಳ್ಳುತ್ತದೆ. ಅಷ್ಟರಲ್ಲಿ ನಾನು ರಿಪ್ಪನ್‌ಪೇಟೆಯ ಹೋಟೆಲಿನಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಚಾ ಕುಡಿಯುತ್ತಾ ಕೂತಿರುತ್ತಿದ್ದೆ.

ಐದು ವರ್ಷದ ಹಿಂದೆಯೂ ಹಾಗೇ ಮಾಡಿದೆ. ಹೆಂಡತಿ ತೀರ್ಥಹಳ್ಳಿಯ ತವರಿಗೆ ಹೋಗಿದ್ದಳು, ಮನೆಗೆ ಬೀಗ. ಪಕ್ಕದ ಮನೆಯ ದೇವಕ್ಕ ತನ್ನ ಗಬ್ಬದ ಹಸುವನ್ನು ಗುಡ್ಡದಲ್ಲಿ ಕಟ್ಟಿದ್ದು ಇಳಿಯುವಾಗ ಕಂಡಿತು. ಗಾಳಿ ಆಚೆಗೆ ಬೀಸುತ್ತಿದೆ, ಇತ್ತ ಬಾರದು ಎಂದುಕೊಂಡು ಬಸ್ಸು ಹತ್ತಿದೆ.

ಮಧ್ಯಾಹ್ನ ಗಾಳಿ ತಿರುಗಿತು. ನಾನು ವಾಪಸು ಬರುವಷ್ಟರಲ್ಲಿ ಗುಡ್ಡ ಕಪ್ಪಾಗಿತ್ತು. ಹಸು ಹಗ್ಗದ ಉದ್ದಕ್ಕೆ ಸುತ್ತಿ ಸುತ್ತಿ ಬೆಂದು ಸತ್ತಿತ್ತು. ಬಿಚ್ಚಲು ಹೋದ ದೇವಕ್ಕನ ಎರಡೂ ಅಂಗೈ ಸುಲಿದಿದ್ದವು. ಅವಳ ಕೊಟ್ಟಿಗೆಯೂ ಹೋಗಿತ್ತು. ನನ್ನ ಮನೆಯ ಹಿಂದಿನ ಹುಲ್ಲಿನ ಬಣವೆ ಮಾತ್ರ ಹಾಗೇ ನಿಂತಿತ್ತು.

ಅದರ ಸುತ್ತ ಒಂದು ಮಾರು ಅಗಲಕ್ಕೆ ಒಣಗಿ ಉದುರಿದ ದರಗೆಲೆಯನ್ನೆಲ್ಲ ಯಾರೋ ಗುಡಿಸಿ ತೆಗೆದಿದ್ದರು, ಬೆಂಕಿ ದಾಟದಂತೆ ಅರಣ್ಯದವರು ಗುಡಿಸುವ ಹಾಗೆ. ಮಣ್ಣಿನ ಮೇಲೆ ಪೊರಕೆಯ ಗೀರುಗಳಿದ್ದವು. ಬೆಳಿಗ್ಗೆ ಅಲ್ಲಿ ಪಾದ ಹುಗಿಯುವಷ್ಟು ದರಗು ಬಿದ್ದಿತ್ತು. ಅದನ್ನು ತುಳಿದುಕೊಂಡೇ ನಾನು ಗುಡ್ಡ ಹತ್ತಿದ್ದೆ.

ದೇವಕ್ಕ ಬಾಳೆಲೆ ಸುತ್ತಿದ ಕೈಯಲ್ಲಿ ಬಂದು ಆ ನೆಲವನ್ನೇ ನೋಡಿದಳು.

"ಹಚ್ಚಿದ್ಯಾರು ಅಂತ ನಾ ಕಂಡಿಲ್ಲ ತಮ್ಮಾ," ಎಂದಳು. "ಆದ್ರೆ ಬೆಂಕಿ ಬರ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತು."

"ದೇವಕ್ಕಾ, ಇದು ನಾ ಗುಡ್ಸಿದ್ದಲ್ಲ. ದೇವ್ರಾಣೆ."

ಬೆಂಕಿಯ ವಿಷಯದಲ್ಲಿ ನಾನು ಆಡಿದ ಒಂದೇ ಒಂದು ನಿಜ ಅದು. ಯಾರೂ ನಂಬಲಿಲ್ಲ. ಅಷ್ಟು ವರ್ಷದ ಸುಳ್ಳನ್ನು ಎಲ್ಲರೂ ನಂಬಿದ್ದರು. ಹಚ್ಚಿದ್ದು ನಾನೇ ಎಂದು ಅವಳೆದುರು ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಆ ಮಳೆಗಾಲ ಗುಡ್ಡದ ಮಣ್ಣು ಬೂದಿಯ ಸಮೇತ ಗದ್ದೆಗಿಳಿಯಿತು. ಮರುವರ್ಷ ಒರತೆ ಬತ್ತಿತು. ದೇವಕ್ಕ ಮತ್ತೆ ಹಸು ಕಟ್ಟಲಿಲ್ಲ. ಅವಳ ಬೆರಳು ಮಡಚುವುದಿಲ್ಲ, ಹಾಲು ಕರೆಯಲಾಗದು. ನಾನು ಗುಡ್ಡಕ್ಕೆ ಕೆಂಡ ಒಯ್ಯುವುದನ್ನು ಬಿಟ್ಟೆ.

ಮೊನ್ನೆ, ಶಿವರಾತ್ರಿ ಕಳೆದ ವಾರಕ್ಕೆ, ಬೆಳಿಗ್ಗೆ ಎದ್ದು ಹೋಗಿ ನೋಡಿದರೆ ಬಣವೆಯ ಸುತ್ತ ಮತ್ತೆ ಗುಡಿಸಿದ ನೆಲ. ಅದೇ ಒಂದು ಮಾರು, ಅವೇ ಗೀರುಗಳು. ಹೆಂಡತಿಯನ್ನು ಕೇಳಿದೆ, ಅವಳಲ್ಲ. ಯಾರು, ಯಾಕೆ, ನನ್ನನ್ನು ಉಳಿಸಲಿಕ್ಕೋ ಹಿಡಿದು ಕೊಡಲಿಕ್ಕೋ, ನನಗೆ ತಿಳಿಯದು. ಗುಡ್ಡದಲ್ಲಿ ಹುಲ್ಲು ಒಣಗಿ ನಿಂತಿತ್ತು. ದೇವಕ್ಕನ ಬಾಗಿಲು ಇನ್ನೂ ತೆರೆದಿರಲಿಲ್ಲ. ಎಬ್ಬಿಸಿ, ಬೆಂಕಿ ಬರಬಹುದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಎದ್ದು ನೋಡುವುದರೊಳಗೆ ಬುಟ್ಟಿ ಬುಟ್ಟಿ ದರಗು ತಂದು ಸುರಿದು ಆ ನೆಲವನ್ನೆಲ್ಲ ಮುಚ್ಚಿದೆ.