ಎರಡನೇ ಸಲ ಕೇಳಲಿಲ್ಲ

ಸ್ವೀಡನ್ನಿನ ಲುಂಡ್‌ನಲ್ಲಿ ನಾನು ಕೆಲಸ ಮಾಡುವ ಸಸ್ಯವಿಜ್ಞಾನದ ಲ್ಯಾಬ್‌ಗೆ ಈ ವಸಂತದಲ್ಲಿ ಒಬ್ಬ ಮೇಷ್ಟ್ರು ಬಂದಿದ್ದರು. ಆಫ್ರಿಕಾದ ಹೊಸ ದೇಶವೊಂದರ ಸರ್ಕಾರಿ ಯೂನಿವರ್ಸಿಟಿಯವರು. "ನಮ್ಮ ದೇಶಕ್ಕಿಂತ ನಮ್ಮ ಯೂನಿವರ್ಸಿಟಿಗೇ ವಯಸ್ಸು ಜಾಸ್ತಿ," ಅನ್ನೋರು. ಯುದ್ಧದಲ್ಲಿ ಊರು ಬಿಟ್ಟು ಹೋಗಿ ವಾಪಸ್ ಬಂದ ಯೂನಿವರ್ಸಿಟಿ ಅದು. ಅಲ್ಲಿ ಇಡೀ ಕ್ಲಾಸಿಗೆ ಒಂದೇ ಮೈಕ್ರೋಸ್ಕೋಪು. ಹುಡುಗರು ಸಾಲು ನಿಲ್ಲುತ್ತಾರಂತೆ, ಕೊನೆಯವರ ಸರದಿ ಬರುವ ಹೊತ್ತಿಗೆ ಕರೆಂಟ್ ಹೋಗಿರುತ್ತಂತೆ.

ನಮ್ಮಲ್ಲಿ ಹೊಸವು ಬಂದು, ಹಳೇ ಮೈಕ್ರೋಸ್ಕೋಪುಗಳನ್ನು ನೆಲಮಾಳಿಗೆಗೆ ಸಾಗಿಸಿದ್ದರು. ಎಲ್ಲ ಗಟ್ಟಿಮುಟ್ಟಾಗೇ ಇದ್ದವು. ಒಂದು ಬುಧವಾರ ಫೀಕಾಗೆ, ಅಂದರೆ ಇವರ ಕಾಫಿ ಹೊತ್ತಿಗೆ, ಕೂತಾಗ ನಮ್ಮ ವಿಭಾಗದ ಮುಖ್ಯಸ್ಥೆ ಕೇಳಿದರು: "ಅವು ನಿಮಗೆ ಬೇಕಾ? ಇಲ್ಲದಿದ್ರೆ ಗುಜರಿಗೆ ಹಾಕ್ತೀವಿ."

"ಅಯ್ಯೋ, ಬೇಡ ಬೇಡ. ನಿಮಗ್ಯಾಕೆ ತೊಂದರೆ," ಅಂದರು ಮೇಷ್ಟ್ರು.

ಮುಖ್ಯಸ್ಥೆ ತಲೆಯಾಡಿಸಿ ಬನ್ ತಟ್ಟೆಯನ್ನು ಮುಂದಕ್ಕೆ ದಾಟಿಸಿದರು. ಅಷ್ಟು ದೂರ ಸಾಗಿಸೋ ರಗಳೆ ಯಾಕೆ ಅಂತಿರಬಹುದು ಅಂದುಕೊಂಡು ನಾನೂ ಒಂದು ಬನ್ ತಗೊಂಡೆ.

ಶನಿವಾರ ಅವರನ್ನು ಊಟಕ್ಕೆ ಕರೆದಿದ್ದೆ. ಬಿಸಿಬೇಳೆಬಾತ್. ನನ್ನ ಮಗಳು ಇಲ್ಲೇ ಹುಟ್ಟಿ ಬೆಳೆದವಳು. "ಇನ್ನೂ ಬೇಕಾ?" ಅಂತ ಒಂದು ಸಲ ಕೇಳಿದಳು, ಅವರು ಬೇಡ ಅಂದರು, ಇವಳು ಪಾತ್ರೆ ಎತ್ಕೊಂಡು ಹೊರಟೇಬಿಟ್ಟಳು! ನಾನು ಕಿತ್ತುಕೊಂಡು ಬಂದು, "ಇದೇನ್ರೀ, ಗುಬ್ಬಿ ತಿಂದ ಹಾಗೆ ತಿಂತೀರಾ? ಹಾಕಿಸ್ಕೊಳ್ಳಿ," ಅಂತ ಗದರಿ ಬಡಿಸಿದೆ. ಬೇಡ ಬೇಡ ಅಂದರು. ಮತ್ತೆ ಬಡಿಸಿದೆ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ಚೆನ್ನಾಗಿ ಉಂಡರು.

"ಅಮ್ಮಾ, ಅವರು ಬೇಡ ಅಂದ್ರಲ್ಲಾ!" ಮಗಳು ಸ್ವೀಡಿಷ್‌ನಲ್ಲಿ ಸಿಡುಕಿದಳು.

ಆಗ ಹೊಳೀತು ನೋಡಿ. "ಮೇಷ್ಟ್ರೇ, ಆ ಮೈಕ್ರೋಸ್ಕೋಪುಗಳು?"

ಅವರು ಚಮಚ ಕೆಳಗಿಟ್ಟರು. "ಇನ್ನೊಂದು ಸಲ ಕೇಳ್ತಾರೆ ಅಂತ ಕಾಯ್ತಾ ಇದೀನಿ. ಹುಟ್ಟಿದಾಗಿನಿಂದ ನಮ್ಮ ದೇಶ ಬೇಡ್ತಾನೇ ಇದೆ. ಒಂದೇ ಒಂದು ಸಲ, ಒತ್ತಾಯ ಮಾಡಿ ಕೊಟ್ರು ಅಂತ ಹುಡುಗರಿಗೆ ಹೇಳಬೇಕು ಅನ್ನಿಸಿತ್ತು."

ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅನ್ನೋ ಅಜ್ಜಿಯ ಗಾದೆ ಬಾಯಿಗೆ ಬಂತು. ಅದನ್ನು ಇಂಗ್ಲಿಷಿನಲ್ಲಿ ಆ ಮನುಷ್ಯನಿಗೆ ಹೇಳೋದು ಹೇಗೆ? "ಇಲ್ಲಿ ಎರಡನೇ ಸಲ ಯಾರೂ ಕೇಳಲ್ಲ. ಸೋಮವಾರ ನೀವೇ ಹೋಗಿ ಕೇಳಿ," ಅಂದೆ.

ಸೋಮವಾರ ಜೊತೆಗೆ ನಾನೂ ಹೋದೆ. ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದರು. ಸುತ್ತಿಬಳಸದೆ ಕೇಳಿದರು. ಮುಖ್ಯಸ್ಥೆಯ ಮುಖ ಕೆಂಪಾಯಿತು. "ಶುಕ್ರವಾರವೇ ಗಾಡಿ ಬಂದು ತಗೊಂಡು ಹೋಯ್ತು. ನೀವು ಬೇಡ ಅಂದಿರಲ್ಲ!" ಪಾಪ, ಕೂಡಲೇ ಗುಜರಿಯವರಿಗೆ ಫೋನ್ ಮಾಡಿದರು. ಆಗಲೇ ಒಡೆದು ಹಾಕಿದ್ದರು. "ನಿಮಗೆ ತುಂಬಾ ಬೇಜಾರಾಯ್ತಾ?" ಅಂತ ಕೇಳಿದರು.

"ಛೆ ಛೆ, ಪರವಾಗಿಲ್ಲ," ಅಂದರು ಮೇಷ್ಟ್ರು.

ಮುಖ್ಯಸ್ಥೆ ನಿರಾಳವಾಗಿ ಉಸಿರುಬಿಟ್ಟು, ಕಾಫಿ ತರಲು ಎದ್ದರು.