‘ಗೋ’ ಸಾಕು

ನನ್ನ ಮೇಜಿನ ಖಾನೆಯಲ್ಲಿ ಒಂದು ಪೆನ್ಸಿಲ್ಲಿದೆ. ಒಂದು ತುದಿ ಕೆಂಪು, ಇನ್ನೊಂದು ನೀಲಿ. ಆಫೀಸುಗಳಲ್ಲಿ ಫೈಲಿನ ಮೇಲೆ ಗೀಟೆಳೆಯಲು ಇಟ್ಟುಕೊಳ್ಳುತ್ತಾರಲ್ಲ, ಅದೇ ಜಾತಿಯದು. ಕೆಂಪಿನ ಕಡೆ ಹೆರೆದೂ ಹೆರೆದೂ ಉಗುರಿನಷ್ಟು ಉಳಿದಿದೆ. ನೀಲಿಯ ಕಡೆ ಮಾತ್ರ ಅಂಗಡಿಯಿಂದ ಬಂದ ದಿನ ಹೇಗಿತ್ತೋ ಈ ಬೆಳಗಿನವರೆಗೂ ಹಾಗೇ ಇತ್ತು. ನನ್ನ ಸ್ವಭಾವ ತಿಳಿಯಬೇಕೆನ್ನುವವರು ಜಾತಕ ಕೇಳಬೇಕಾಗಿಲ್ಲ, ಈ ಪೆನ್ಸಿಲ್ಲನ್ನು ನೋಡಿದರೆ ಸಾಕು.

ಇದನ್ನು ತಂದುಕೊಟ್ಟವನು ಶ್ರೀಪತಿ. ಮದರಾಸಿನಲ್ಲಿ ಟ್ರಾಮುಗಳು ನಿಂತುಹೋದ ಹೊಸತು. ಬಳ್ಳಾರಿಯಿಂದ ಬಂದ ಅವನೂ, ತಿರುವಲ್ಲಿಕೇಣಿಯಲ್ಲೇ ಹುಟ್ಟಿ ಬೆಳೆದ ನಾನೂ ಪ್ಯಾರೀಸ್ ಕಾರ್ನರಿನ ಒಂದು ವಿಮಾ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನ ಗುಮಾಸ್ತರು. ಇಲಾಖೆಯ ಪರೀಕ್ಷೆಯಲ್ಲಿ ಇಂಗ್ಲಿಷ್ ಪತ್ರಲೇಖನ ಪಾಸಾಗದೆ ಬಡ್ತಿಯಿಲ್ಲ. ಇಬ್ಬರಿಗೂ ಇಂಗ್ಲಿಷು ಓದಿದರೆ ತಿಳಿಯುತ್ತಿತ್ತು, ಬರೆಯಲು ಕೂತರೆ ಕೈ ಬೆವರುತ್ತಿತ್ತು. ಆದ್ದರಿಂದ ಒಂದು ಕಟ್ಟಳೆ ಮಾಡಿಕೊಂಡೆವು: ವಾರಕ್ಕೊಂದು ಪುಟ ಬರೆದು ಒಬ್ಬರು ಇನ್ನೊಬ್ಬರಿಗೆ ಕೊಡುವುದು, ತಪ್ಪಿದ್ದಲ್ಲಿ ಕೆಂಪು, ಚೆನ್ನಾಗಿದ್ದಲ್ಲಿ ನೀಲಿ. ಅವನು ಅದಕ್ಕೆಂದೇ ಬೀದಿಬದಿಯ ಅಂಗಡಿಯಲ್ಲಿ ಜೋಡಿ ಪೆನ್ಸಿಲ್ಲು ಕೊಂಡು ಒಂದನ್ನು ನನ್ನ ಮೇಜಿನ ಮೇಲಿಟ್ಟ.

ತುಂಬಿದ ಕೊಡ ತುಳುಕುವುದಿಲ್ಲವಂತೆ. ನನ್ನದು ಅರ್ಧ ಕೊಡ, ತುಳುಕಿದ್ದೇ ತುಳುಕಿದ್ದು. ಒಂದು ವ್ಯಾಕರಣದ ಪುಸ್ತಕ ಉರುಹೊಡೆದವನಾದ ನಾನು ಶ್ರೀಪತಿಯ ಪುಟಗಳ ಮೇಲೆ ಬೇಟೆನಾಯಿಯಂತೆ ಬೀಳುತ್ತಿದ್ದೆ. ಅವನು ಟಿಫಿನ್ ಡಬ್ಬಿ ಬಿಚ್ಚುತ್ತ ಪುಟ ತಿರುವಿ, “ಲೇ ರಾಘು, ಎಷ್ಟು ಗಾಯ ಮಾಡೀಯೋ! ಒಂದಾದ್ರೂ ಚಲೋ ಸಾಲು ಸಿಗ್ಲಿಲ್ಲೇನೋ ನಿನಗ?” ಎಂದು ನಗುತ್ತಿದ್ದ. ಸಿಕ್ಕಿರಲಿಲ್ಲವೆಂದಲ್ಲ. ಹುಡುಕಿರಲಿಲ್ಲ.

ಅವನ ರೀತಿಯೇ ಬೇರೆ. ಒಮ್ಮೆ ನಾನು ನೋಟುಬುಕ್ಕಿನಲ್ಲಿ ಅಭ್ಯಾಸಕ್ಕೆಂದು ರಜೆಯ ಅರ್ಜಿಯೊಂದನ್ನು ಬರೆದು, ಕೊನೆಗೆ ‘ಐ ಶಲ್ ಗೋ ಅಂಡ್ ಕಮ್’ ಎಂದು ಸೇರಿಸಿದ್ದೆ. ಓದುಗ ಮಿತ್ರರೇ, ಇದು ಹೇಗಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಹೊರಡುವವರು ‘ಹೋಗ್ತೀನಿ’ ಅನ್ನುವಂತಿಲ್ಲ. ಬಾಲ್ಯದಲ್ಲಿ ಹಾಗೆಂದು ಅಮ್ಮನಿಂದ ಏಟು ತಿಂದವನು ನಾನು: “ಥೂ, ಬಿಡ್ತು ಅನ್ನು! ಹೋಗಿ ಬರ್ತೀನಿ ಅನ್ನು!” ನಮ್ಮ ಬೀದಿಗೆ ಮೊಸರು ತರುವ ತಮಿಳಿನವಳೂ ‘ಪೋಯಿಟ್ಟು ವರೇನ್’ ಅನ್ನದೆ ಮೆಟ್ಟಿಲಿಳಿದವಳಲ್ಲ. ಇಂಗ್ಲಿಷಿನವರು ಮಾತ್ರ ಬರಿದೇ ಹೋಗುತ್ತಾರೆ. ಅವರ ವ್ಯಾಕರಣಕ್ಕೆ ಅಷ್ಟೇ ಸಾಕು. ಶ್ರೀಪತಿ ಆ ತಪ್ಪನ್ನು ಹಿಡಿದ. ಆದರೆ ಅದರ ಕೆಳಗೆ ನೀಲಿಯಲ್ಲಿ ಗೀಟೆಳೆದು, ಪಕ್ಕದಲ್ಲಿ ಕನ್ನಡದಲ್ಲೇ ಬರೆದ: ‘ವ್ಯಾಕರಣ ತಪ್ಪು. ಮಾತು ಚಲೋ ಅದ.’ ನನಗೆ ಸಿಟ್ಟು ಬಂತು. ತಪ್ಪೆಂದರೆ ತಪ್ಪು, ಅದರಲ್ಲಿ ಚಲೋ ಏನು ಬಂತು ಅಂದುಕೊಂಡೆ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಅವನಿಗೆ ಕೆಮ್ಮು ಹಿಡಿಯಿತು, ಕೆಮ್ಮಿನಲ್ಲಿ ರಕ್ತ ಬಂತು. ದೀರ್ಘ ರಜೆ ಹಾಕಿ ಮನೆಯಲ್ಲಿ ಮಲಗಿದ. ಸೋಂಕಿನ ಭಯಕ್ಕೆ ನನ್ನನ್ನು ಬರಬೇಡವೆಂದ. ನಾನೂ, ನಾಚಿಕೆ ಬಿಟ್ಟು ಹೇಳುತ್ತೇನೆ, ಬೇಡವೆಂದದ್ದೇ ಒಳ್ಳೆಯದಾಯಿತೆಂದು ಸುಮ್ಮನಿದ್ದೆ. ಅಭ್ಯಾಸ ಮಾತ್ರ ಕಾರ್ಡಿನಲ್ಲಿ ಮುಂದುವರಿಯಿತು. ಅವನು ಕಾರ್ಡು ಬರೆಯುವನು, ನಾನು ತಿದ್ದಿ ಕವರಿನಲ್ಲಿಟ್ಟು ಹಿಂದಕ್ಕೆ ಕಳಿಸುವೆನು.

ಕೊನೆಯ ಕಾರ್ಡಿನಲ್ಲಿ ನಾಲ್ಕೇ ಸಾಲು. ಸೋಮವಾರ ಕ್ಷಯದ ಆಸ್ಪತ್ರೆಗೆ ಸೇರುತ್ತೇನೆ, ಎದೆಯ ಆಪರೇಷನ್ ಎನ್ನುತ್ತಾರೆ, ನೀನು ಓದುವುದನ್ನು ಬಿಡಬೇಡ. ಕೊನೆಗೆ, ‘ಐ ಶಲ್ ಗೋ ಅಂಡ್ ಕಮ್’.

ನಾನೇನು ಮಾಡಿದೆ ಗೊತ್ತೇ? ‘ಅಂಡ್ ಕಮ್’ ಎಂಬೆರಡು ಪದಗಳ ಮೇಲೆ ಕೆಂಪು ಗೀಟೆಳೆದೆ. ಅಂಚಿನಲ್ಲಿ, ‘ಇದು ಇಂಗ್ಲಿಷಿನ ವೇಷ ಹಾಕಿದ ಕನ್ನಡ. ಗೋ ಸಾಕು’ ಎಂದು ಬರೆದೆ. ಹೇಗಿದ್ದೀಯೆಂದು ಒಂದು ಮಾತು ಕೇಳಲಿಲ್ಲ. ತಪ್ಪು ಸಿಕ್ಕ ಖುಷಿಯಲ್ಲಿ ಅಂಚೆ ಡಬ್ಬಿಯವರೆಗೆ ನಡೆದುಹೋದದ್ದು ಇನ್ನೂ ನೆನಪಿದೆ.

ಶ್ರೀಪತಿ ಹೋದ. ಬರಲಿಲ್ಲ.

ಹದಿನಾಲ್ಕನೆಯ ದಿನ ಅವನ ಹೆಂಡತಿ ಪದ್ಮಕ್ಕ ಆ ಕಾರ್ಡನ್ನು ನನ್ನ ಕೈಗಿಟ್ಟರು. ಅವರಿಗೆ ಇಂಗ್ಲಿಷು ಬಾರದು. “ಆಪರೇಷನ್ನಿನ ಹಿಂದಿನ ದಿನ ಮುಟ್ಟಿತ್ರೀ ಇದು. ಓದಿ ನಕ್ಕರು. ‘ರಾಘು ತಿದ್ದಿದ್ದು ಸರಿ ಅದ ಬಿಡು’ ಅಂದ್ರು. ಆಮ್ಯಾಲೆ ಗ್ವಾಡಿ ಕಡೆ ತಿರುಗಿ ಮಲಗಿದ್ರು. ಏನು ಬರ್ದಿದ್ರಿ ಅದ್ರಾಗ?”

“ಒಂದು ಸ್ಪೆಲ್ಲಿಂಗ್ ತಪ್ಪಿತ್ತು ಅಕ್ಕಾ,” ಎಂದೆ.

ನನ್ನ ಹಳೆಯ ನೋಟುಬುಕ್ಕಿನ ಆ ನೀಲಿ ಗೀಟು ಕಣ್ಣಿಗೆ ಬಿದ್ದದ್ದು ಅದಾದ ಎಷ್ಟೋ ತಿಂಗಳ ಮೇಲೆ. ಅವನಿಗೆ ವ್ಯಾಕರಣ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದ, ನನ್ನ ಮಾತನ್ನೇ ನನಗೆ ಹಿಂದಿರುಗಿಸಿ, ನಾನೂ ಒಮ್ಮೆ ನೀಲಿ ಹಚ್ಚಲೆಂದು ಕಾದಿದ್ದನೇನೋ. ಗೀಟಿನಿಂದ ಯಾರೂ ಸಾಯುವುದಿಲ್ಲವೆಂದು ನನಗೂ ತಿಳಿದಿದೆ. ಆದರೆ ಸಾಯುವವನು ಕೊನೆಗೆ ಓದಿದ ನನ್ನ ಮಾತು ‘ಸಾಕು’ ಎಂಬುದು; ಅದಕ್ಕೆ ಯಾವ ಸಮಾಧಾನ ಹೇಳಿಕೊಳ್ಳಲಿ? ಪರೀಕ್ಷೆಯಲ್ಲಿ ನಾನು ಪಾಸಾದೆ. ಈಗ ಆಫೀಸಿನ ಪತ್ರಗಳೆಲ್ಲ ನನ್ನ ಕೈ ದಾಟಿಯೇ ಹೊರಡುತ್ತವೆ, ಅವುಗಳಲ್ಲಿ ತಪ್ಪಿರುವುದಿಲ್ಲ.

ನನ್ನ ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಈ ಬೆಳಿಗ್ಗೆ ಚೀಲ ಹೆಗಲಿಗೇರಿಸಿ, “ಐ ಯಾಮ್ ಗೋಯಿಂಗ್, ಅಪ್ಪಾ,” ಎಂದಳು. ಒಂದಕ್ಷರ ತಪ್ಪಿಲ್ಲ. ನಾನು ಬಾಗಿಲಿಗೆ ಓಡಿದೆ.

“ಅಂಡ್ ಕಮ್ ಅನ್ನಮ್ಮ!” ಎಂದು ಕೂಗಿದೆ. ಅವಳು ಬೀದಿಯಿಂದಲೇ ನಕ್ಕು ತಮಿಳಿನಲ್ಲಿ ಕೂಗಿದಳು: “ಐಯೋ ಅಪ್ಪಾ, ಅದು ಇಂಗ್ಲಿಷೇ ಇಲ್ಲೆ!”

ಒಳಗೆ ಬಂದು ಖಾನೆ ತೆಗೆದೆ. ಪೆನ್ಸಿಲ್ಲಿನ ನೀಲಿ ತುದಿಯನ್ನು ಮೊದಲ ಬಾರಿಗೆ ಹೆರೆದು, ಶ್ರೀಪತಿಯ ಕಾರ್ಡಿನಲ್ಲಿ ನಾನು ಹೊಡೆದುಹಾಕಿದ್ದ ಆ ಎರಡು ಪದಗಳನ್ನು ಅಲ್ಲೇ, ಅವುಗಳ ಮೇಲೆಯೇ, ಮತ್ತೆ ಬರೆದೆ. ಒತ್ತಿ ಒತ್ತಿ ಬರೆದೆ. ಕೆಂಪು ಗೀಟು ಕೆಳಗಿನಿಂದ ಕಾಣುತ್ತಲೇ ಇದೆ.